ಸಿ ಭಾಷೆಯ ಜನಕ ಡೆನಿಸ್ ರಿಚಿ

ಗೊರೂರು ಎಂದರೆ ನಾಡಿನವರಿಗೆ ಮೊದಲು ನೆನಪಾಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು, ಆಮೇಲೆ ಹೇಮಾವತಿ ಅಣೆಕಟ್ಟು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಬೇಕು ಎಂದು ಸಮಿತಿಯವರು ಕೇಳಿದಾಗ, ಆ ಎರಡರ ಬಗ್ಗೆಯೂ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆಂದು ನಾನು ನನ್ನ ಕಸುಬಿನ ಕಡೆಗೆ ತಿರುಗಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಂಥವರ ಅನ್ನದ ಮೂಲ ಹುಡುಕುತ್ತಾ ಹೋದರೆ ಸಿಗುವ ಹೆಸರು ಡೆನಿಸ್ ರಿಚಿ. ಕಂಪ್ಯೂಟರ್ ಓದಿದವರಿಗೆಲ್ಲ ಗೊತ್ತಿರುವ ಹೆಸರು, ಉಳಿದವರು ಕೇಳಿರಲಿಕ್ಕಿಲ್ಲ. ಆದರೆ ಕೇಳದವರ ಜೇಬಿನಲ್ಲೂ ಅವರ ಕೆಲಸ ಇದೆ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ತಳದಲ್ಲಿರುವುದು ಲಿನಕ್ಸ್. ಲಿನಕ್ಸ್ ರೂಪುಗೊಂಡಿದ್ದು ರಿಚಿ ಮತ್ತು ಅವರ ಗೆಳೆಯ ಕೆನ್ ಥಾಂಪ್ಸನ್ ಕಟ್ಟಿದ ಯೂನಿಕ್ಸ್‌ನ ಅಚ್ಚಿನಲ್ಲಿ, ಬರೆದಿರುವುದು ರಿಚಿಯವರ ಸಿ ಭಾಷೆಯಲ್ಲಿ. ಐಫೋನ್ ಇದ್ದವರಿಗೂ ಇದೇ ಮಾತು, ಅದರ ವಂಶವೂ ಯೂನಿಕ್ಸ್‌ನದೇ.

ಡೆನಿಸ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟರ್ ರಿಚಿ ಬೆಲ್ ಟೆಲಿಫೋನ್ ಕಂಪನಿಯ ಸಂಶೋಧನಾ ಸಂಸ್ಥೆಯಾದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸದಲ್ಲಿದ್ದರು. ಟೆಲಿಫೋನ್ ಸ್ವಿಚ್ಚುಗಳ ಸರ್ಕ್ಯೂಟ್ ಬಗ್ಗೆ ಪುಸ್ತಕ ಬರೆದವರಲ್ಲಿ ಒಬ್ಬರು. ಡೆನಿಸ್ ಚಿಕ್ಕವರಿದ್ದಾಗಲೇ ಕುಟುಂಬ ನ್ಯೂಜೆರ್ಸಿಯ ಸಮಿಟ್ ಎಂಬ ಊರಿಗೆ ಬಂತು. ಹೈಸ್ಕೂಲು ಮುಗಿಸಿದ್ದು ಅಲ್ಲೇ. ಮುಂದೆ ಕೆಲಸ ಮಾಡಿದ ಮರ್ರೆ ಹಿಲ್ ಪಕ್ಕದಲ್ಲೇ ಇತ್ತು, ಕೊನೆಯವರೆಗೆ ಇದ್ದ ಮನೆ ಬರ್ಕ್ಲಿ ಹೈಟ್ಸ್‌ನಲ್ಲಿ. ಶಾಲೆ, ಕೆಲಸ, ಮನೆ ಮೂರೂ ಸೇರಿದರೆ ಗೊರೂರಿನಿಂದ ಹಾಸನದ ದೂರ ಆಗುವುದಿಲ್ಲ. ಅವರ ಕೆಲಸ ಮಾತ್ರ ಭೂಮಿಯ ಎಲ್ಲ ಮೂಲೆಗೂ ಹೋಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೌತಶಾಸ್ತ್ರ, 1963ರಲ್ಲಿ ಪದವಿ. ಅಲ್ಲಿದ್ದಾಗ ಯೂನಿವ್ಯಾಕ್ ಎಂಬ ಯಂತ್ರದ ಬಗ್ಗೆ ಒಂದು ಉಪನ್ಯಾಸ ಕೇಳಿದರಂತೆ, ಅದರಿಂದ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಅನ್ವಯಿಕ ಗಣಿತದಲ್ಲಿ ಸಂಶೋಧನೆ ಮಾಡಿ 1968ರಲ್ಲಿ ಪ್ರಬಂಧವನ್ನೂ ಬರೆದರು. ಆದರೆ ಅದನ್ನು ಬೈಂಡ್ ಮಾಡಿಸಿ ಲೈಬ್ರರಿಗೆ ಕೊಡಬೇಕೆಂಬ ನಿಯಮವನ್ನು ಅವರು ಪಾಲಿಸಲಿಲ್ಲ. ಅಷ್ಟಕ್ಕೇ ಡಾಕ್ಟರೇಟ್ ಬರಲಿಲ್ಲ. ಬೈಂಡಿಂಗ್ ಖರ್ಚು ಕೊಡಲು ಒಪ್ಪಲಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಕಾರಣ ಏನೇ ಇರಲಿ, ಹೆಸರಿನ ಮುಂದೆ ಡಾಕ್ಟರ್ ಇಲ್ಲದೆಯೇ ಅವರು ಬದುಕಿದರು. ಆ ಹೊತ್ತಿಗೆ, 1967ರಲ್ಲೇ, ಅಪ್ಪ ಕೆಲಸ ಮಾಡುತ್ತಿದ್ದ ಬೆಲ್ ಲ್ಯಾಬ್ಸ್ ಸೇರಿ ಆಗಿತ್ತು.

ಆಗಿನ ಕಂಪ್ಯೂಟರ್ ಹೇಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳುವುದು ಕಷ್ಟ. ಹಿಟ್ಟಿನ ಗಿರಣಿಗೆ ರಾಗಿ ಚೀಲ ಇಟ್ಟು ಬಂದು ಸಂಜೆ ಹೋಗಿ ತರುತ್ತೇವಲ್ಲ, ಹಾಗೆ ಇತ್ತು. ಪ್ರೋಗ್ರಾಂ ಅನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಕಟ್ಟು ಕಟ್ಟಿ, ಕೌಂಟರಿನಲ್ಲಿ ಕೊಟ್ಟು ಬರಬೇಕು. ಗಂಟೆಗಳ ನಂತರ ಉತ್ತರ. ಒಂದು ಕಾರ್ಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ನಾಳೆ. ತಪ್ಪು ಎಲ್ಲಿದೆ ಎಂದು ಯಂತ್ರದ ಎದುರು ಕೂತು ಹುಡುಕುವ ಭಾಗ್ಯ ಯಾರಿಗೂ ಇರಲಿಲ್ಲ. ಇದನ್ನು ತಪ್ಪಿಸಿ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ತಮ್ಮ ತಮ್ಮ ಟೈಪ್‌ರೈಟರಿನಿಂದ ಬಳಸುವಂತೆ ಮಾಡಲು ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಯೋಜನೆ ನಡೆಸಿದ್ದವು. ಅದು ಹಿಗ್ಗಿ ಹಿಗ್ಗಿ ಮುಗಿಯುವ ಲಕ್ಷಣ ಕಾಣದೆ 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂತು. ರಿಚಿ, ಥಾಂಪ್ಸನ್ ಮತ್ತು ಕೆಲವರು ಕೈಯಲ್ಲಿ ಕೆಲಸವಿಲ್ಲದೆ, ಒಳ್ಳೆಯ ಯಂತ್ರವೂ ಇಲ್ಲದೆ ಉಳಿದರು. ಹೊಸ ಯಂತ್ರ ಕೊಡಿಸಿ ಎಂದು ಹಾಕಿದ ಅರ್ಜಿಗಳೆಲ್ಲ ತಿರಸ್ಕಾರವಾದವು.

ಮೂಲೆಯಲ್ಲಿ ಪಿಡಿಪಿ-7 ಎಂಬ ಹಳೆಯ ಚಿಕ್ಕ ಯಂತ್ರವೊಂದು ಹೆಚ್ಚು ಬಳಕೆಯಿಲ್ಲದೆ ಬಿದ್ದಿತ್ತು. ಥಾಂಪ್ಸನ್ ಅದರ ಮೇಲೆ ಗ್ರಹಗಳ ನಡುವೆ ಹಾರಾಡುವ ಒಂದು ಆಟ ಬರೆದುಕೊಂಡಿದ್ದರು. 1969ರ ಬೇಸಿಗೆಯಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಒಂದು ತಿಂಗಳಲ್ಲಿ ಆ ಯಂತ್ರಕ್ಕೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದೇ ಬಿಟ್ಟರು. ಫೈಲುಗಳನ್ನು ಹೇಗೆ ಇಡಬೇಕು ಎಂಬುದನ್ನು ಅದಕ್ಕೂ ಮೊದಲೇ ಅವರು, ರಿಚಿ ಮತ್ತು ಇನ್ನೊಬ್ಬ ಗೆಳೆಯರು ಕಪ್ಪುಹಲಗೆಯ ಮೇಲೆ ಬರೆದು ಚರ್ಚಿಸಿದ್ದರು. ಅದೇ ಯೂನಿಕ್ಸ್. ಮಲ್ಟಿಕ್ಸ್ ಹೆಸರನ್ನು ಅಣಕಿಸಿ ಇಟ್ಟ ಹೆಸರು.

1970ರಲ್ಲಿ ಸುಮಾರು 65,000 ಡಾಲರ್ ಬೆಲೆಯ ಪಿಡಿಪಿ-11 ಎಂಬ ಹೊಸ ಯಂತ್ರ ಸಿಕ್ಕಿತು. ಸಿಕ್ಕಿದ್ದು ಆಪರೇಟಿಂಗ್ ಸಿಸ್ಟಂ ಬರೆಯುತ್ತೇವೆ ಎಂದು ಹೇಳಿದ್ದಕ್ಕಲ್ಲ, ಆ ಮಾತಿಗೆ ಮೇಲಿನವರು ಹೆದರಿದ್ದರು. ಕಂಪನಿಯ ಪೇಟೆಂಟ್ ವಿಭಾಗದ ದಾಖಲೆಗಳನ್ನು ಅಚ್ಚುಕಟ್ಟಾಗಿ ಟೈಪ್ ಮಾಡುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದಿದ್ದಕ್ಕೆ. ಅದರ ಮೆಮೊರಿ 24 ಕಿಲೋಬೈಟ್, ಡಿಸ್ಕ್ ಅರ್ಧ ಮೆಗಾಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರವೂ ಆ ಮೆಮೊರಿಯಲ್ಲಿ ಹಿಡಿಸಲಿಕ್ಕಿಲ್ಲ. 1971ರ ಉತ್ತರಾರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಆ ಯಂತ್ರದ ಮೇಲೆ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು. ಅದೇ ಹೊತ್ತಿನಲ್ಲಿ ಅದೇ ಯಂತ್ರದ ಮೇಲೆ ರಿಚಿ ಮತ್ತು ಥಾಂಪ್ಸನ್ ತಮ್ಮ ಹೊಸ ಪ್ರೋಗ್ರಾಂಗಳನ್ನು ಪರೀಕ್ಷಿಸುತ್ತಿದ್ದರು. ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಜಾಗಕ್ಕೆ ನುಗ್ಗದಂತೆ ತಡೆಯುವ ಬೇಲಿ ಆ ಯಂತ್ರಕ್ಕೆ ಇರಲಿಲ್ಲ. ಇವರ ಪ್ರೋಗ್ರಾಂನಲ್ಲಿ ಒಂದು ತಪ್ಪಿದ್ದರೆ ಇಡೀ ಯಂತ್ರ ನಿಂತು, ಟೈಪಿಸ್ಟರು ಬೆಳಗಿನಿಂದ ಮಾಡಿದ ಕೆಲಸಕ್ಕೇ ಕುತ್ತು.

ಈ ಭಯದ ನಡುವೆ ಬೆಳೆದ ಅಭ್ಯಾಸಗಳೇ ಯೂನಿಕ್ಸ್‌ನ ಗುಣ ಎಂದು ನನಗೆ ಅನ್ನಿಸುತ್ತದೆ. ಅವುಗಳಲ್ಲಿ ನಾನು ಬಹಳ ದೊಡ್ಡದೆಂದು ತಿಳಿದಿರುವುದು ಅವರ ಕೈಪಿಡಿ. 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಯೂನಿಕ್ಸ್ ಕೈಪಿಡಿಯನ್ನು ಬರೆದವರು ಥಾಂಪ್ಸನ್ ಮತ್ತು ರಿಚಿ. ಅದರಲ್ಲಿ ಪ್ರತಿಯೊಂದು ಆಜ್ಞೆಗೂ ಒಂದು ಪುಟ. ಹೆಸರು, ಬಳಸುವ ಕ್ರಮ, ವಿವರಣೆ, ಸಂಬಂಧಪಟ್ಟ ಫೈಲುಗಳು, ಎಡವಿದಾಗ ಯಂತ್ರ ಏನು ಹೇಳುತ್ತದೆ ಎಂಬುದು, ಕೊನೆಗೆ ದೋಷಗಳು ಎಂಬ ತಲೆಬರಹ. ಈ ಪ್ರೋಗ್ರಾಂ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಬರೆದವರೇ ಬರೆದು, ಜವಾಬ್ದಾರರು ಯಾರು ಎಂದು ಹೆಸರನ್ನೂ ಹಾಕುತ್ತಿದ್ದರು. ರಿಚಿಯವರದಾಗಿದ್ದರೆ ಡಿಎಂಆರ್ ಎಂಬ ಮೂರು ಅಕ್ಷರ. ಹೊಸ ಮೋಟಾರು ಕೊಂಡಾಗ ಬರುವ ಪುಸ್ತಕದಲ್ಲಿ ಈ ಮೋಟಾರಿನಲ್ಲಿ ಇಂತಿಂಥ ಕುಂದು ಇದೆ, ಕೇಳಬೇಕಿದ್ದರೆ ಇವರನ್ನು ಕೇಳಿ ಎಂದು ಕಂಪನಿಯೇ ಅಚ್ಚು ಹಾಕಿಸಿದ್ದನ್ನು ಯಾರಾದರೂ ನೋಡಿದ್ದೀರಾ?

ಒಂದು ಉದಾಹರಣೆ. ಮೊದಲ ಯೂನಿಕ್ಸ್ ಹೊತ್ತನ್ನು ಎಣಿಸುತ್ತಿದ್ದುದು 1971ರ ಜನವರಿ 1ರಿಂದ, ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕದಲ್ಲಿ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ಗಡಿಯಾರ ಅದಕ್ಕೆ ಜೋತುಬಿದ್ದಿತ್ತು. (ನಮ್ಮ ಕರೆಂಟಿನದು 50.) ಆ ಎಣಿಕೆ ಇಡಲು ಕೊಟ್ಟ ಜಾಗ 32 ಬಿಟ್. ಲೆಕ್ಕ ಹಾಕಿ ನೋಡಿದರೆ 828 ದಿನಕ್ಕೆ ಜಾಗ ತುಂಬಿಹೋಗುತ್ತದೆ. ಈ ಎಣಿಕೆ ಎರಡು ಚಿಲ್ಲರೆ ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂಬುದನ್ನು ದೋಷಗಳ ಕೆಳಗೆ, ಸ್ವಲ್ಪ ನಗೆಯಾಡುತ್ತಲೇ, ಅವರೇ ಬರೆದಿದ್ದಾರೆ. ಆಮೇಲೆ ಎಣಿಕೆಯ ಮೊದಲ ದಿನವನ್ನು ಒಂದೆರಡು ಸಲ ಮುಂದೆ ಹಾಕಿ, ಕೊನೆಗೆ ಇಡೀ ಸೆಕೆಂಡಿನ ಲೆಕ್ಕಕ್ಕೆ ಬಂದು, 1970ರ ಜನವರಿ 1 ಎಂದು ನಿಲ್ಲಿಸಿದರು. ಈ ಎಣಿಕೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮುಂದೆ ಮತ್ತೆ ಬರುತ್ತದೆ.

ಹಾಗೆಂದು ಅವರ ಎಲ್ಲವನ್ನೂ ಹೊಗಳಲಾರೆ. ಯೂನಿಕ್ಸ್‌ನ ಮೊದಲ ಎಡಿಟರ್‌ಗೆ ತಪ್ಪು ಆಜ್ಞೆ ಕೊಟ್ಟರೆ ಅದು ಉತ್ತರವಾಗಿ ಕೊಡುತ್ತಿದ್ದುದು ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಎಲ್ಲಿ ತಪ್ಪಿದೆ, ಏನು ತಪ್ಪಿದೆ, ಒಂದೂ ಇಲ್ಲ. ಉತ್ತರ ಪತ್ರಿಕೆಯ ಮೇಲೆ ಬರೀ ಕೆಂಪು ಗೀಟು ಎಳೆದು ಕೊಟ್ಟ ಹಾಗೆ. ಬಲ್ಲವರಿಗೆ ಸಾಕಾಗುತ್ತಿತ್ತು, ಹೊಸಬರು ಕಣ್ಣೀರು ಹಾಕುತ್ತಿದ್ದರು.

ಈಗ ಸಿ ಭಾಷೆಗೆ ಬರೋಣ. ಮೊದಲ ಯೂನಿಕ್ಸ್ ಬರೆದಿದ್ದು ಆಯಾ ಯಂತ್ರದ ಸ್ವಂತ ಸಂಕೇತಗಳಲ್ಲಿ. ಯಂತ್ರ ಬದಲಾದರೆ ಬರೆದಿದ್ದೆಲ್ಲ ದಂಡ. ಥಾಂಪ್ಸನ್ ಬಳಿ ಬಿ ಎಂಬ ಚಿಕ್ಕ ಭಾಷೆ ಇತ್ತು. ಆದರೆ ಬಿ ಭಾಷೆಗೆ ಗೊತ್ತಿದ್ದುದು ಒಂದೇ ಅಳತೆ. ಸೇರು ಇದ್ದು ಪಾವು ಇಲ್ಲದ ಅಂಗಡಿಯ ಹಾಗೆ. ಹೊಸ ಪಿಡಿಪಿ-11 ಯಂತ್ರವೋ ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲದು. 1971ರಿಂದ 1973ರವರೆಗೆ ರಿಚಿಯವರು ಬಿ ಭಾಷೆಗೆ ಅಳತೆಗಳನ್ನು ಸೇರಿಸುತ್ತಾ ಹೋದರು. ಅಕ್ಷರಕ್ಕೆ ಒಂದು, ಸಂಖ್ಯೆಗೆ ಒಂದು. ಹೆಚ್ಚಿನ ಕೆಲಸ ಆಗಿದ್ದು 1972ರಲ್ಲಿ. ಆ ವರ್ಷ ಥಾಂಪ್ಸನ್ ಯೂನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆಯಲು ಹೊರಟು, ಆಗದೆ ಕೈಬಿಟ್ಟರು. ಭಾಷೆಯಲ್ಲಿ ಏನೋ ಕೊರತೆ ಇತ್ತು. ಪಹಣಿಯಲ್ಲಿ ಸರ್ವೆ ನಂಬರು, ಖಾತೆದಾರರ ಹೆಸರು, ವಿಸ್ತೀರ್ಣ ಎಲ್ಲ ಒಂದೇ ಹಾಳೆಯಲ್ಲಿ ಜೋಡಿಸಿಟ್ಟಿರುತ್ತದಲ್ಲ, ಹಾಗೆ ಬೇರೆ ಬೇರೆ ಅಳತೆಯವನ್ನು ಒಂದು ಕಟ್ಟಾಗಿ ಹಿಡಿಯುವ ಉಪಾಯ ಬೇಕಿತ್ತು. ರಿಚಿ ಅದನ್ನು ಸೇರಿಸಿದರು. 1973ರ ಬೇಸಿಗೆಯಲ್ಲಿ ಯೂನಿಕ್ಸ್‌ನ ತಿರುಳು ಸಿ ಭಾಷೆಗೆ ಬಂತು. 1977ರಲ್ಲಿ ಅದನ್ನು ಪೂರಾ ಬೇರೆ ಜಾತಿಯ ಇಂಟರ್‌ಡೇಟಾ ಎಂಬ ಯಂತ್ರಕ್ಕೂ ಒಯ್ದು ನಡೆಸಿದರು. ಒಂದು ಯಂತ್ರಕ್ಕೆ ಬರೆದ ಆಪರೇಟಿಂಗ್ ಸಿಸ್ಟಂ ಇನ್ನೊಂದರ ಮೇಲೂ ಓಡಬಹುದು ಎಂಬುದು ಇಂದು ಮಾಮೂಲು. ಆಗ ಹೆಚ್ಚಿನವರು ನಂಬುತ್ತಿರಲಿಲ್ಲ.

1973ರಲ್ಲೇ ಇನ್ನೊಂದು ಒಳ್ಳೆಯದು ಬಂತು. ಅವರ ವಿಭಾಗದ ಮುಖ್ಯಸ್ಥ ಡಗ್ ಮೆಕ್ಇಲ್ರಾಯ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಥಾಂಪ್ಸನ್ ಒಂದು ರಾತ್ರಿಯಲ್ಲಿ ಸೇರಿಸಿದ ಪೈಪ್. ಒಂದು ಚಿಕ್ಕ ಪ್ರೋಗ್ರಾಂನಿಂದ ಹೊರಬಂದದ್ದು ನೇರವಾಗಿ ಇನ್ನೊಂದಕ್ಕೆ ಹರಿಯುವಂತೆ ಜೋಡಿಸುವ ವಿಧಾನ. ನಮಗೆ ಇದನ್ನು ವಿವರಿಸಬೇಕಾಗಿಲ್ಲ, ನಾವು ನಾಲೆಯವರು. ಡೈರಿಯ ಪಟ್ಟಿಯಿಂದ ಗೊರೂರಿನವರ ಸಾಲುಗಳನ್ನು ಮಾತ್ರ ಆರಿಸುವುದು ಒಂದು ಪ್ರೋಗ್ರಾಂ, ಅಕಾರಾದಿಯಾಗಿ ಜೋಡಿಸುವುದು ಇನ್ನೊಂದು, ಎಷ್ಟು ಸಾಲು ಎಂದು ಎಣಿಸುವುದು ಮತ್ತೊಂದು. ಮೂರನ್ನೂ ಪೈಪ್‌ನಿಂದ ಜೋಡಿಸಿದರೆ ಕೆಲಸ ಮುಗಿಯಿತು. ಉತ್ತರ ತಪ್ಪಾಗಿ ಬಂದರೆ? ಕೊನೆಯ ಗದ್ದೆಗೆ ನೀರು ಬರದಿದ್ದಾಗ ನೀರಗಂಟಿ ಏನು ಮಾಡುತ್ತಾನೋ ಅದೇ. ಕೆಳಗಿನಿಂದ ಮೇಲಕ್ಕೆ ತೂಬಿನಿಂದ ತೂಬಿಗೆ ನಡೆದು, ಇಲ್ಲಿಯವರೆಗೆ ನೀರು ಬಂದಿದೆಯೇ ಎಂದು ನೋಡುತ್ತಾನೆ. ಬಂದಿದ್ದ ತೂಬಿಗೂ ಬರದಿದ್ದ ತೂಬಿಗೂ ನಡುವೆ ತೊಂದರೆ ಇದೆ. ನಾನು ದಿನಾ ಆಫೀಸಿನಲ್ಲಿ ಮಾಡುವುದು ಇದನ್ನೇ. ಒಂದು ದೊಡ್ಡ ಪ್ರೋಗ್ರಾಂ ಆಗಿದ್ದರೆ ಒಳಗೆ ಇಣುಕಿ ನೋಡಲು ದಾರಿಯೇ ಇರುತ್ತಿರಲಿಲ್ಲ.

ರಿಚಿಯವರ ಇನ್ನೊಂದು ಯುಕ್ತಿ ನನಗೆ ತುಂಬಾ ಇಷ್ಟ. ಖಾತೆ ರಿಜಿಸ್ಟರಿಗೆ ನಾವು ನೀವು ಕೈಹಾಕುವಂತಿಲ್ಲ. ಆದರೆ ನಮ್ಮ ವಿವರ ಬದಲಾದರೆ ಅದರಲ್ಲಿ ಬದಲಾಗಬೇಕು. ಅದಕ್ಕೆ ನಡುವೆ ಒಬ್ಬ ಗುಮಾಸ್ತರು ಇರುತ್ತಾರೆ. ರಿಜಿಸ್ಟರು ಮುಟ್ಟುವ ಅಧಿಕಾರ ಅವರದು, ಆದರೆ ನಿಯಮ ಹೇಳಿದಷ್ಟನ್ನೇ ಬರೆಯಬೇಕು. ಕಂಪ್ಯೂಟರಿನಲ್ಲಿ ಎಲ್ಲರ ಪಾಸ್‌ವರ್ಡ್ ಇರುವ ಫೈಲೂ ಅಂಥ ರಿಜಿಸ್ಟರು. ಒಂದು ಪ್ರೋಗ್ರಾಂಗೆ ಆ ಗುಮಾಸ್ತರ ಅಧಿಕಾರ ಕೊಡುವುದು ಹೇಗೆ ಎಂಬುದನ್ನು ರಿಚಿ ಒಂದೇ ಒಂದು ಬಿಟ್‌ನಲ್ಲಿ ಬಿಡಿಸಿದರು. ಅದಕ್ಕೆ ಅವರ ಹೆಸರಿನಲ್ಲಿ 1979ರಲ್ಲಿ ಪೇಟೆಂಟ್ ಸಿಕ್ಕಿತು. ಕಂಪನಿ ಆಮೇಲೆ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಇಂದಿಗೂ ಲಿನಕ್ಸ್‌ನಲ್ಲಿ ನೀವು ಪಾಸ್‌ವರ್ಡ್ ಬದಲಿಸಿದರೆ ಆ ಬಿಟ್ ಕೆಲಸ ಮಾಡುತ್ತಿರುತ್ತದೆ.

ಯೂನಿಕ್ಸ್ ಹಬ್ಬಿದ ರೀತಿಯಲ್ಲಿ ಕಾನೂನಿನದೂ ಒಂದು ಪಾಲಿದೆ. ಬೆಲ್ ಲ್ಯಾಬ್ಸ್‌ನ ಒಡೆಯರಾದ ಎಟಿ ಅಂಡ್ ಟಿ ಕಂಪನಿ 1956ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಿಂದಾಗಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರ ಮಾಡುವಂತಿರಲಿಲ್ಲ. 1974ರ ಜುಲೈನಲ್ಲಿ ರಿಚಿ ಮತ್ತು ಥಾಂಪ್ಸನ್ ಅವರ ಲೇಖನ ಪ್ರಕಟವಾದ ಮೇಲೆ ವಿಶ್ವವಿದ್ಯಾಲಯಗಳು ನಮಗೂ ಕೊಡಿ ಎಂದು ಕೇಳಿದವು. ಕಂಪನಿ ಅಲ್ಪ ಶುಲ್ಕಕ್ಕೆ ಟೇಪ್ ಕೊಟ್ಟಿತು. ಪ್ರೋಗ್ರಾಂ ಹೇಗೆ ಬರೆದಿದೆ ಎಂಬ ಮೂಲ ಬರಹವೂ ಅದರಲ್ಲೇ ಇತ್ತು. ಆದರೆ ಕೆಟ್ಟರೆ ಬಂದು ರಿಪೇರಿ ಮಾಡಿಕೊಡುವ ಪ್ರಶ್ನೆಯೇ ಇಲ್ಲ. ಗ್ಯಾರಂಟಿ ಇಲ್ಲ, ದೂರು ಕೇಳುವವರಿಲ್ಲ. ಹಾಗಾಗಿ ಬಳಸುವವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತು, ಮೂಲ ಬರಹ ಓದಿ ತಪ್ಪು ಹುಡುಕಬೇಕಾಯಿತು, ಸಿಕ್ಕ ಪರಿಹಾರವನ್ನು ಉಳಿದವರಿಗೆ ಕಳಿಸಬೇಕಾಯಿತು. ನಾಳೆ ನನಗೂ ಬೇಕಾಗುತ್ತದೆ ಎಂದು ಇಂದು ಇನ್ನೊಬ್ಬರ ಗದ್ದೆಗೆ ನಾಟಿಗೆ ಹೋಗುವ ಮುಯ್ಯಾಳಿನ ಪದ್ಧತಿ. ಲಿನಕ್ಸ್ ಪ್ರಪಂಚದಲ್ಲಿ ಗುರುತಿಲ್ಲದವರು ಗುರುತಿಲ್ಲದವರ ಪ್ರಶ್ನೆಗೆ ಇಂದಿಗೂ ಉತ್ತರ ಕೊಡುತ್ತಾರಲ್ಲ, ಅದರ ಬೇರು ಇಲ್ಲಿದೆ.

ಆಸ್ಟ್ರೇಲಿಯಾದ ಜಾನ್ ಲಯನ್ಸ್ ಎಂಬ ಅಧ್ಯಾಪಕರು ಯೂನಿಕ್ಸ್‌ನ ಆರನೇ ಆವೃತ್ತಿಯ ಸುಮಾರು 9,000 ಸಾಲುಗಳನ್ನು ಅಚ್ಚು ಹಾಕಿಸಿ, ತಮ್ಮ ವಿದ್ಯಾರ್ಥಿಗಳಿಗಾಗಿ ಸಾಲು ಸಾಲಿಗೂ ವ್ಯಾಖ್ಯಾನ ಬರೆದರು. ಮುಂದೆ ಕಂಪನಿ ಮೂಲ ಬರಹವನ್ನು ಪಾಠಕ್ಕೆ ಬಳಸಬಾರದೆಂದು ತಡೆದಾಗ ಆ ಪುಸ್ತಕ ಜಗತ್ತಿನ ತುಂಬ ಜೆರಾಕ್ಸ್ ಪ್ರತಿಗಳಲ್ಲಿ ಓಡಾಡಿತು. 1996ರಲ್ಲಿ ಅದು ಬಹಿರಂಗವಾಗಿ ಪ್ರಕಟವಾದಾಗ ರಿಚಿಯವರು ಅದಕ್ಕೆ ನಾಲ್ಕು ಮಾತು ಬರೆದುಕೊಟ್ಟರು. ಆ 9,000 ಸಾಲುಗಳ ನಡುವೆ ಒಂದು ಕಡೆ, ಇದು ನಿಮಗೆ ಅರ್ಥವಾಗಬೇಕೆಂದು ನಿರೀಕ್ಷೆಯಿಲ್ಲ ಎಂಬರ್ಥದ ಟಿಪ್ಪಣಿ ಇದೆ. ಅದನ್ನು ಎಷ್ಟೋ ಮಂದಿ ಅಹಂಕಾರದ ಮಾತೆಂದು ತಿಳಿದರು. ರಿಚಿ ಆಮೇಲೆ ವಿವರಿಸಿದ್ದು ಬೇರೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಹೇಳುವ ಧಾಟಿಯಲ್ಲಿ ಬರೆದದ್ದು ಅದು, ನಿಜ ಸಂಗತಿ ಏನೆಂದರೆ ಆ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ತಮಗೂ ಪೂರ್ತಿ ಅರ್ಥವಾಗಿರಲಿಲ್ಲ, ಆ ಉಪಾಯವೇ ತಪ್ಪಾಗಿತ್ತು, ಬೇರೆ ಯಂತ್ರಕ್ಕೆ ಒಯ್ಯುವಾಗ ಅದನ್ನು ಬದಲಿಸಬೇಕಾಯಿತು ಎಂದು. ಟ್ಯೂರಿಂಗ್ ಪ್ರಶಸ್ತಿ ಪಡೆದವರು ಇಷ್ಟು ನೇರವಾಗಿ ಬರೆದುಕೊಂಡಿದ್ದಾರೆ.

1978ರಲ್ಲಿ ಬ್ರಯನ್ ಕರ್ನಿಹ್ಯಾನ್ ಜೊತೆ ರಿಚಿ ಸಿ ಭಾಷೆಯ ಪುಸ್ತಕ ಬರೆದರು. ತೆಳ್ಳನೆಯ ಪುಸ್ತಕ. ಜಗತ್ತಿಗೆ ನಮಸ್ಕಾರ ಹೇಳುವ ನಾಲ್ಕು ಸಾಲಿನ ಪ್ರೋಗ್ರಾಂನಿಂದ ಅದರ ಪಾಠ ಶುರುವಾಗುತ್ತದೆ. ಅದೇ ಕಾಲಕ್ಕೆ ಇತ್ತ ನಮ್ಮೂರಿನಲ್ಲಿ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದಿತ್ತು, ನಮ್ಮ ಗೊರೂರರು ಅಮೆರಿಕ ಪ್ರವಾಸದ ಅನುಭವವನ್ನು 'ಅಮೆರಿಕದಲ್ಲಿ ಗೊರೂರು' ಪುಸ್ತಕದಲ್ಲಿ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅತ್ತಲಿಂದ ಇತ್ತ ಯೂನಿಕ್ಸ್ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ವಿಪ್ರೊದಂಥ ಕಂಪನಿಗಳು ಯೂನಿಕ್ಸ್ ಓಡುವ ಯಂತ್ರಗಳನ್ನು ತಯಾರಿಸಿದವು. ರಂಗರಾಜನ್ ಸಮಿತಿಯ ಶಿಫಾರಸಿನ ನಂತರ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ ಅಲ್ಲೂ ಯೂನಿಕ್ಸ್ ಬಂತು. ಯೂನಿಕ್ಸ್ ಮತ್ತು ಸಿ ಬಲ್ಲ ಹುಡುಗರಿಗೆ ಹೊರದೇಶದಿಂದಲೂ ಕರೆ ಬರತೊಡಗಿತು. 1996ರಲ್ಲಿ, ಇಂಟರ್ನೆಟ್ ಇನ್ನೂ ಹೆಚ್ಚಿನವರಿಗೆ ಕನಸಾಗಿದ್ದಾಗ, ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಅವರ ಪ್ರಯತ್ನದಿಂದ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್‌ನ ಸಿಡಿ ಬಂತು. ಪತ್ರಿಕೆಯ ಬೆಲೆಗೆ ಇಡೀ ಆಪರೇಟಿಂಗ್ ಸಿಸ್ಟಂ! ಜಿಲ್ಲಾ ಕೇಂದ್ರಗಳ ಹುಡುಗರೂ ಕೈಗೆ ಮಸಿ ಮಾಡಿಕೊಂಡು ಕಲಿಯುವಂತಾದದ್ದು ಹಾಗೆ. ನಾನು ಬಿ.ಇ. ಸೇರುವ ಹೊತ್ತಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಎಲ್ಲರಿಗೂ, ಸಿವಿಲ್‌ನವರಿಗೂ ಮೆಕ್ಯಾನಿಕಲ್‌ನವರಿಗೂ, ಸಿ ಒಂದು ವಿಷಯವಾಗಿತ್ತು.

ನನ್ನ ಕೆಲಸದಲ್ಲಿ ನಡುರಾತ್ರಿ ಬರುವ ಫೋನುಗಳಲ್ಲಿ ಒಂದು ಬಗೆ ಹೀಗಿರುತ್ತದೆ: ಡಿಸ್ಕ್ ತುಂಬಿದೆ, ದೊಡ್ಡ ಫೈಲು ಅಳಿಸಿದೆವು, ಆದರೂ ಜಾಗ ಖಾಲಿಯಾಗಿಲ್ಲ. ಹೊಸಬರು ದೆವ್ವದ ಕಾಟ ಎಂದುಕೊಳ್ಳುತ್ತಾರೆ. ಯೂನಿಕ್ಸ್‌ನಲ್ಲಿ ಫೈಲು ಬೇರೆ, ಅದರ ಹೆಸರು ಬೇರೆ. ಅಳಿಸಿದಾಗ ಹೋಗುವುದು ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದು ಹಿಡಿದಿದ್ದರೆ ಅದು ಅಲ್ಲೇ ಇರುತ್ತದೆ; ರೇಷನ್ ಕಾರ್ಡಿನಿಂದ ಹೆಸರು ತೆಗೆದ ಮಾತ್ರಕ್ಕೆ ಮನೆಯಲ್ಲಿ ಊಟಕ್ಕೆ ಕೂತವರು ಎದ್ದು ಹೋಗುವುದಿಲ್ಲವಲ್ಲ! ಹಿಡಿದಿರುವ ಪ್ರೋಗ್ರಾಂ ಯಾವುದೆಂದು ಹುಡುಕಿ ಬಿಡಿಸಿದರೆ ಜಾಗ ತಾನೇ ಬರುತ್ತದೆ. ಐವತ್ತು ವರ್ಷದ ಹಿಂದೆ ಮಾಡಿದ ವಿಂಗಡಣೆ ತಿಳಿದಿದ್ದರೆ ಐದು ನಿಮಿಷದ ಕೆಲಸ, ತಿಳಿಯದಿದ್ದರೆ ಬೆಳಗಾಗುತ್ತದೆ.

ಸಿ ಭಾಷೆಯ ದೊಡ್ಡ ಅಪಾಯವನ್ನೂ ಹೇಳಬೇಕು. ಅದು ಬರೆಯುವವರನ್ನು ಪೂರ್ತಿ ನಂಬುತ್ತದೆ. ಹತ್ತು ಅಕ್ಷರಕ್ಕೆ ಜಾಗ ಮಾಡಿ ಇಪ್ಪತ್ತು ತುಂಬಿದರೂ ಸುಮ್ಮನಿರುತ್ತದೆ. ಹೆಚ್ಚಾದದ್ದು ಪಕ್ಕದ ಜಾಗಕ್ಕೆ ಚೆಲ್ಲುತ್ತದೆ. ವೇಗಕ್ಕಾಗಿ ಕೊಟ್ಟ ಬೆಲೆ ಇದು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಒಂದು, ಅಳತೆ ನೋಡದೆ ಸಾಲು ಓದುವ ಗೆಟ್ಸ್ ಎಂಬ ಸಿ ಫಂಕ್ಷನ್‌ನ ಲೋಪವನ್ನೂ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಸುಮಾರು 6,000 ಕಂಪ್ಯೂಟರುಗಳು ಸಿಕ್ಕಿಬಿದ್ದವೆಂದು ಆಗಿನ ಅಂದಾಜು. ಆ ಹುಡುಗನ ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ರಿಚಿಯವರ ಸಹೋದ್ಯೋಗಿಯಾಗಿದ್ದು, ಯೂನಿಕ್ಸ್‌ನ ಪಾಸ್‌ವರ್ಡ್ ಭದ್ರತೆಗೆ ದುಡಿದವರು ಎಂಬುದು ವಿಧಿಯ ವಿಚಿತ್ರ. ಸಿ ಭಾಷೆಯ ಕೊರತೆಗಳ ಬಗ್ಗೆ ರಿಚಿಯವರೇ 1993ರಲ್ಲಿ ಅದರ ಇತಿಹಾಸ ಬರೆಯುವಾಗ ಚರ್ಚಿಸಿದ್ದಾರೆ. ಆದರೂ ಈ ಬಗೆಯ ಸೋರಿಕೆಯಿಂದ ಇಂದಿಗೂ ಆಗುತ್ತಿರುವ ನಷ್ಟ ನೋಡಿದರೆ, ಬೇಲಿ ಹಾಕುವ ಕೆಲಸ ಬಹಳ ತಡವಾಯಿತು ಎಂದೇ ನನ್ನ ಅಭಿಪ್ರಾಯ. ಗೆಟ್ಸ್ ಅನ್ನು ಭಾಷೆಯಿಂದ ಅಧಿಕೃತವಾಗಿ ಕಿತ್ತುಹಾಕಿದ್ದು 2011ರ ಡಿಸೆಂಬರಿನ ನಿಯಮಾವಳಿಯಲ್ಲಿ. ಅದನ್ನು ನೋಡಲು ರಿಚಿ ಇರಲಿಲ್ಲ.

ಕನ್ನಡಿಗರಾದ ನಾವು ನೆನೆಯಬೇಕಾದ ಒಂದು ಸಂಗತಿ ಉಂಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು ಎಂಬ ಲೆಕ್ಕದಲ್ಲಿ ಸಿ ಮತ್ತು ಯೂನಿಕ್ಸ್ ಹುಟ್ಟಿದ್ದವು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1990ರ ದಶಕದಲ್ಲಿ ರಿಚಿ ಮುಖ್ಯಸ್ಥರಾಗಿದ್ದ ವಿಭಾಗದಲ್ಲಿ ಪ್ಲಾನ್ 9 ಎಂಬ ಹೊಸ ವ್ಯವಸ್ಥೆ ತಯಾರಾಗುತ್ತಿತ್ತು. ಅದಕ್ಕಾಗಿ 1992ರ ಸೆಪ್ಟೆಂಬರಿನ ಒಂದು ಸಂಜೆ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗಿನ ಕಾಗದದ ಮೇಲೆ ಜಗತ್ತಿನ ಎಲ್ಲ ಲಿಪಿಗಳೂ ಹಿಡಿಸುವ ಬರವಣಿಗೆಯ ಕ್ರಮವೊಂದನ್ನು ರೂಪಿಸಿದರು. ಹಳೆಯ ಪ್ರೋಗ್ರಾಂಗಳೂ ಕೆಡಬಾರದು, ಹೊಸ ಲಿಪಿಗಳೂ ಬರಬೇಕು. ಅದೇ ಯುಟಿಎಫ್-8. ಇದು ರಿಚಿಯವರ ಸ್ವಂತ ಕೈಕೆಲಸವಲ್ಲ, ಅವರ ಮನೆಯಂಗಳದಲ್ಲಿ ಆದದ್ದು. ಈ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಗೊರೂರು ಎಂದು ಬರೆಯಲು ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 18 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಐದೇ. ದುಬಾರಿಯಾದರೂ ಸರಿ, ನಮ್ಮೂರಿನ ಹೆಸರು ನಮ್ಮ ಲಿಪಿಯಲ್ಲಿ ಜಗತ್ತಿನ ಯಾವ ಯಂತ್ರದಲ್ಲೂ ಕೆಡದೆ ನಿಲ್ಲುತ್ತದೆ.

ರಿಚಿ ಮಿತಭಾಷಿ, ಸಂಕೋಚದ ಮನುಷ್ಯ. ಮದುವೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಫೀಸಿಗೆ ಬಂದು, ರಾತ್ರಿ ಬಹಳ ಹೊತ್ತಿನವರೆಗೆ ಮನೆಯಿಂದ ಕೆಲಸ ಮಾಡುವ ಅಭ್ಯಾಸ. ಥಾಂಪ್ಸನ್ ಜೊತೆ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ ಬಂದವು. ಆ ವರ್ಷ ಜಪಾನಿನಲ್ಲಿ ಭೂಕಂಪವಾದ್ದರಿಂದ ಪ್ರಶಸ್ತಿಯನ್ನು ಮರ್ರೆ ಹಿಲ್‌ಗೇ ತಂದುಕೊಟ್ಟರು. 2007ರಲ್ಲಿ ನಿವೃತ್ತರಾಗಿದ್ದರು, ಆರೋಗ್ಯ ಕೆಟ್ಟಿತ್ತು. 2011ರ ಅಕ್ಟೋಬರ್ 12ರಂದು ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಒಂಟಿಯಾಗಿದ್ದ ಅವರು ತೀರಿಕೊಂಡಿರುವುದು ಗೊತ್ತಾಯಿತು. ಎಪ್ಪತ್ತು ವರ್ಷ. ಅದಕ್ಕೆ ಒಂದು ವಾರ ಮೊದಲು ಆಪಲ್‌ನ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಪತ್ರಿಕೆ, ಟಿವಿಗಳಲ್ಲೆಲ್ಲ ಅದೇ ಸುದ್ದಿ. ರಿಚಿಯವರ ಸಾವು ಒಳಪುಟದಲ್ಲಿ ಕಂಡರೆ ಕಂಡಿತು. ನಾನಾಗ ಬಿ.ಇ. ಓದುತ್ತಿದ್ದೆ, ಎರಡು ಮೂರು ದಿನ ಕಳೆದ ಮೇಲೆ ಲ್ಯಾಬಿನಲ್ಲಿ ಯಾರೋ ಹೇಳಿ ತಿಳಿಯಿತು. ಮುಂದಿನ ತಿಂಗಳು ಬಂದ ಫೆಡೋರಾ ಲಿನಕ್ಸ್‌ನ 16ನೇ ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಿದರು.

ಸೆಕೆಂಡು ಎಣಿಸುವ ಕಥೆ ಇನ್ನೂ ಬಾಕಿ ಇದೆ. 1970ರ ಜನವರಿ 1ರಿಂದ ಎಣಿಸುವ ಆ ಸಂಖ್ಯೆಗೆ ಇಟ್ಟ 32 ಬಿಟ್ ಜಾಗದಲ್ಲಿ ಒಂದು ಬಿಟ್ ಋಣ ಚಿಹ್ನೆಗೆ ಹೋಗುತ್ತದೆ. ಉಳಿದದ್ದು ಭಾರತದ ಕಾಲಮಾನದಲ್ಲಿ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ದೊಡ್ಡ ಯಂತ್ರಗಳಲ್ಲಿ, ಹೊಸ ಫೋನುಗಳಲ್ಲಿ ಈ ಜಾಗವನ್ನು 64 ಬಿಟ್‌ಗೆ ಹಿಗ್ಗಿಸಿ ಆಗಿದೆ. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಚಿಕ್ಕ ಯಂತ್ರಗಳಿಗೂ ದಾರಿ ಆಯಿತು. ಆದರೆ ಗೋಡೆಯೊಳಗೆ, ಪೆಟ್ಟಿಗೆಯೊಳಗೆ, ಮೀಟರಿನೊಳಗೆ ಒಮ್ಮೆ ಕೂರಿಸಿ ಮರೆತುಬಿಟ್ಟ ಹಳೆಯ ಚಿಪ್ಪುಗಳು ಎಷ್ಟೋ ಇವೆ. ಅವುಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕಾದವರು ಈಗ ನಮ್ಮ ಶಾಲೆಯ ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಕೂತಿರುವ ಮಕ್ಕಳ ವಯಸ್ಸಿನವರು. ಉಳಿದುಹೋದ ಚಿಪ್ಪುಗಳಲ್ಲಿ ಆ ಬೆಳಿಗ್ಗೆ ಎಣಿಕೆ ತಿರುಗಿ ಋಣಕ್ಕೆ ಬಿದ್ದು, ಮರುಕ್ಷಣದ ದಿನಾಂಕ 1901ರ ಡಿಸೆಂಬರ್ ತಿಂಗಳದು ಎಂದು ತೋರಿಸುತ್ತದೆ. ನಮ್ಮ ಗೊರೂರರು ಹುಟ್ಟಲು ಆಗ ಇನ್ನೂ ಎರಡೂವರೆ ವರ್ಷ ಬಾಕಿ.